ಮನೆಯ ಗೇಮ್ ಕನ್ಸೋಲನ್ನು ದೂರದಿಂದ ಆಡುವುದು: ಕಾಸರಗೋಡಿನ ಮನೆಗಳಿಗೊಂದು ಮಾರ್ಗದರ್ಶಿ

ಚಾವಡಿಯ ಟಿವಿಗೆ ಜೋಡಿಸಿಟ್ಟ ಪ್ಲೇಸ್ಟೇಷನ್ ಅಥವಾ ಎಕ್ಸ್‌ಬಾಕ್ಸ್‌ನಲ್ಲಿರುವ ಆಟವನ್ನು ಅದೇ ಮನೆಯ ಉಪ್ಪರಿಗೆಯಲ್ಲೋ, ಮಂಗಳೂರಿನ ಹಾಸ್ಟೆಲಿನಲ್ಲೋ, ಬೆಂಗಳೂರಿನ ಬಾಡಿಗೆ ಕೋಣೆಯಲ್ಲೋ ಕುಳಿತು ಫೋನಿನಲ್ಲಿ ಅಥವಾ ಕೈಯಲ್ಲಿ ಹಿಡಿಯುವ ಬೇರೊಂದು ಸಾಧನದಲ್ಲಿ ಆಡುವ ವ್ಯವಸ್ಥೆಗೆ ರಿಮೋಟ್ ಪ್ಲೇ ಎನ್ನುತ್ತಾರೆ. ಇಲ್ಲಿ ಆಟ ನಡೆಯುವುದು ಮನೆಯ ಕನ್ಸೋಲಿನೊಳಗೇ. ಕನ್ಸೋಲು ತಾನು ರಚಿಸಿದ ದೃಶ್ಯವನ್ನು ಆಗಿಂದಾಗಲೇ ವಿಡಿಯೊ ಆಗಿ ಅಡಕಗೊಳಿಸಿ ಇಂಟರ್ನೆಟ್ ಮೂಲಕ ಕಳುಹಿಸುತ್ತದೆ. ನೀವು ಗುಂಡಿ ಒತ್ತಿದ ಸುದ್ದಿ ಅದೇ ದಾರಿಯಲ್ಲಿ ಹಿಂದಕ್ಕೆ ಹೋಗಿ ಕನ್ಸೋಲನ್ನು ಮುಟ್ಟುತ್ತದೆ. ಆದ್ದರಿಂದ ನಿಮ್ಮ ಕೈಯಲ್ಲಿರುವ ಸಾಧನಕ್ಕೆ ದೊಡ್ಡ ಸಾಮರ್ಥ್ಯವೇನೂ ಬೇಕಾಗಿಲ್ಲ, ಬರುವ ವಿಡಿಯೊವನ್ನು ತಡವಿಲ್ಲದೆ ಬಿಡಿಸಿ ತೋರಿಸಿದರೆ ಸಾಕು.

ಈ ಕಲ್ಪನೆ ಹೊಸದಲ್ಲ. ಸೋನಿ ಸಂಸ್ಥೆ 2006ರಲ್ಲಿಯೇ ಪ್ಲೇಸ್ಟೇಷನ್ 3ನ್ನು ಪಿಎಸ್‌ಪಿ ಎಂಬ ಕೈಸಾಧನದೊಂದಿಗೆ ಜೋಡಿಸುವ ಏರ್ಪಾಡು ಮಾಡಿತ್ತು, 2013ರಲ್ಲಿ ಪ್ಲೇಸ್ಟೇಷನ್ 4 ಬಂದಾಗ ವೀಟಾ ಎಂಬ ಕೈಸಾಧನದಲ್ಲಿ ಅದರ ಆಟಗಳನ್ನು ಆಡಬಹುದಾಗಿತ್ತು, 2023ರ ನವೆಂಬರಿನಲ್ಲಿ ಇದಕ್ಕೆಂದೇ ಮೀಸಲಾದ ಪ್ಲೇಸ್ಟೇಷನ್ ಪೋರ್ಟಲ್ ಹೊರಬಂತು. ಬದಲಾದದ್ದು ನಮ್ಮ ಮನೆಗಳ ಸಂಪರ್ಕ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಒಳಭಾಗದ ತೋಟದ ಮನೆಗಳಿಗೂ ಫೈಬರ್ ತಲುಪಿದ ಮೇಲೆ, ನಗರಕ್ಕಷ್ಟೇ ಸೀಮಿತವಾಗಿದ್ದ ಈ ಅನುಕೂಲ ನಮಗೂ ಸಿಗುವಂತಾಗಿದೆ.

ಹೆಚ್ಚಿನವರು ಮೊದಲು ಕೈಸಾಧನವನ್ನು ಕೊಂಡು, ಆಮೇಲೆ ಚಿತ್ರ ಒಡೆಯುತ್ತದೆ, ಗುಂಡಿ ತಡವಾಗಿ ಕೇಳುತ್ತದೆ ಎಂದು ಬೇಸರಪಡುತ್ತಾರೆ. ನನ್ನ ಸ್ಪಷ್ಟ ಅಭಿಪ್ರಾಯವೆಂದರೆ ಈ ಕ್ರಮ ತಲೆಕೆಳಗಾದದ್ದು. ರಿಮೋಟ್ ಪ್ಲೇಯ ಗುಣಮಟ್ಟ ತೀರ್ಮಾನವಾಗುವುದು ಕನ್ಸೋಲಿನಿಂದ ರೂಟರಿನವರೆಗಿನ ಕೆಲವು ಮೀಟರ್‌ಗಳಲ್ಲಿ. ಅದನ್ನು ಸರಿಪಡಿಸದೆ ಎಷ್ಟು ಬೆಲೆಯ ಸಾಧನ ಕೊಂಡರೂ ಪ್ರಯೋಜನವಿಲ್ಲ. ಹಾಗಾಗಿ ಈ ಲೇಖನದಲ್ಲಿ ಮೊದಲು ಮನೆಯೊಳಗಿನ ಸಂಪರ್ಕ, ಆಮೇಲೆ ಕನ್ಸೋಲಿನ ಸೆಟ್ಟಿಂಗ್ಸ್, ಅನಂತರ ಕೈಸಾಧನ, ಕೊನೆಗೆ ಹೊರಗಿನ ಪ್ರಯಾಣ ಎಂಬ ಅನುಕ್ರಮವನ್ನು ಇಟ್ಟುಕೊಂಡಿದ್ದೇನೆ.

ಕನ್ಸೋಲಿಗೆ ಕೇಬಲ್ ಎಳೆಯಿರಿ

ನಮ್ಮ ಕಡೆಯ ಮನೆಗಳ ಗೋಡೆಗಳು ಬಹುಪಾಲು ಮುರಕಲ್ಲಿನವು. ಈ ದಪ್ಪ ಗೋಡೆಗಳು ಬೇಸಿಗೆಯಲ್ಲಿ ಮನೆಯನ್ನು ತಂಪಾಗಿಡುತ್ತವೆ, ಆದರೆ ವೈಫೈಗೆ ದೊಡ್ಡ ಅಡ್ಡಿಯಾಗುತ್ತವೆ. ವೈಫೈ ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬ್ಯಾಂಡ್‌ಗಳಲ್ಲಿ ಕೆಲಸ ಮಾಡುತ್ತದೆ. ಮೊದಲನೆಯದು ಗೋಡೆಯನ್ನು ದಾಟಿ ದೂರ ಹೋಗುತ್ತದೆಯಾದರೂ ನಿಧಾನ, ಅದರ ಜೊತೆಗೆ ಬ್ಲೂಟೂತ್, ಮೈಕ್ರೊವೇವ್ ಒಲೆ, ನೆರೆಮನೆಯ ರೂಟರ್ ಎಲ್ಲವೂ ಅದೇ ಬ್ಯಾಂಡ್‌ನಲ್ಲಿ ತಿಕ್ಕಾಡುತ್ತವೆ. ಎರಡನೆಯದು ವೇಗವಾದದ್ದು ಮತ್ತು ಸ್ವಚ್ಛವಾದದ್ದು, ಆದರೆ ಎರಡು ಮುರಕಲ್ಲಿನ ಗೋಡೆ ದಾಟುವಷ್ಟರಲ್ಲಿ ಸೊರಗಿಹೋಗುತ್ತದೆ.

ಕನ್ಸೋಲೂ ವೈಫೈನಲ್ಲಿ, ಕೈಸಾಧನವೂ ಅದೇ ವೈಫೈನಲ್ಲಿ ಇದ್ದರೆ ಪ್ರತಿಯೊಂದು ದೃಶ್ಯವೂ ಗಾಳಿಯಲ್ಲಿ ಎರಡು ಬಾರಿ ಸಾಗಬೇಕು: ಕನ್ಸೋಲಿನಿಂದ ರೂಟರಿಗೆ ಒಮ್ಮೆ, ರೂಟರಿನಿಂದ ನಿಮ್ಮ ಕೈಗೆ ಇನ್ನೊಮ್ಮೆ. ವೈಫೈನ ಒಂದು ಚಾನೆಲ್ಲಿನಲ್ಲಿ ಒಂದು ಕ್ಷಣಕ್ಕೆ ಒಬ್ಬರು ಮಾತ್ರ ಮಾತನಾಡಬಹುದಾದ್ದರಿಂದ ಈ ಎರಡು ಪಯಣಗಳೂ ಒಂದನ್ನೊಂದು ಕಾಯುತ್ತವೆ. ಕನ್ಸೋಲಿನಿಂದ ರೂಟರಿಗೆ ಲ್ಯಾನ್ ಕೇಬಲ್ ಹಾಕಿದರೆ ಅರ್ಧ ಭಾರ ಒಮ್ಮೆಲೇ ಇಳಿಯುತ್ತದೆ. ಕ್ಯಾಟ್6 ಕೇಬಲನ್ನು 100 ಮೀಟರ್ ದೂರದವರೆಗೂ ಎಳೆಯಬಹುದು; ಎಷ್ಟೇ ದೊಡ್ಡ ಮನೆಯಾದರೂ ಅಷ್ಟು ಉದ್ದ ಬೇಕಾಗದು. ಕರೆಂಟಿನ ವಯರ್ ಹೋಗಿರುವ ಪೈಪಿನಲ್ಲೇ ಇದನ್ನು ತೂರಿಸಬೇಡಿ. ಸುರಕ್ಷತೆಗೂ ಸಂಕೇತದ ಶುದ್ಧಿಗೂ ಪ್ರತ್ಯೇಕ ಪೈಪು ಒಳ್ಳೆಯದು.

ಕೇಬಲ್ ಆದ ಮೇಲೆ ಉಳಿದದ್ದು ರೂಟರಿನಿಂದ ಕೈಸಾಧನದವರೆಗಿನ ಗಾಳಿಯ ದಾರಿ. ಇಂಟರ್ನೆಟ್ ಒದಗಿಸುವವರು ಗೋಡೆಗೆ ತೂಗುಹಾಕಿ ಹೋಗುವ ಫೈಬರ್ ಮೋಡೆಮ್‌ಗಳಲ್ಲಿ ಅನೇಕವು 2.4 ಗಿಗಾಹರ್ಟ್ಸ್ ಮಾತ್ರ ಕೊಡುವಂಥವು. ನಿಮ್ಮದು ಹಾಗಿದ್ದರೆ ಎರಡೂ ಬ್ಯಾಂಡ್ ಇರುವ ಒಂದು ಸಾಧಾರಣ ರೂಟರನ್ನು ಕೊಂಡು, ಮೋಡೆಮ್‌ಗೆ ಕೇಬಲಿನಲ್ಲಿ ಜೋಡಿಸಿ, ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ, ಅಂದರೆ ವಿಳಾಸ ಹಂಚುವ ಕೆಲಸವನ್ನು ಮೋಡೆಮ್‌ಗೇ ಬಿಟ್ಟು ವೈಫೈಯನ್ನು ಮಾತ್ರ ಹರಡುವಂತೆ, ಇಟ್ಟುಕೊಳ್ಳಿ. ನೀವು ಹೆಚ್ಚಾಗಿ ಆಡುವುದು ಉಪ್ಪರಿಗೆಯಲ್ಲಾದರೆ ಅದನ್ನು ಉಪ್ಪರಿಗೆಯಲ್ಲೇ ಇಡಿ, ಕೆಳಗಿನಿಂದ ಕೇಬಲ್ ಮೇಲೇರಿಸಿ. ಅಗ್ಗವಾಗಿ ಸಿಗುವ ವೈಫೈ ಎಕ್ಸ್‌ಟೆಂಡರ್‌ಗಳನ್ನು ಈ ಕೆಲಸಕ್ಕೆ ನಾನು ಶಿಫಾರಸು ಮಾಡುವುದಿಲ್ಲ. ಅವು ಒಂದೇ ರೇಡಿಯೊದಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಹೇಳುವುದರಿಂದ ವೇಗವನ್ನು ಅರ್ಧಕ್ಕೆ ಇಳಿಸುತ್ತವೆ, ತಡವನ್ನೂ ಹೆಚ್ಚಿಸುತ್ತವೆ.

ಎರಡು ಬ್ಯಾಂಡ್‌ಗಳಿಗೂ ಒಂದೇ ಹೆಸರಿದ್ದರೆ ಕೈಸಾಧನ ಯಾವುದಕ್ಕೆ ಅಂಟಿಕೊಂಡಿದೆಯೆಂದು ಗೊತ್ತಾಗುವುದಿಲ್ಲ. 5 ಗಿಗಾಹರ್ಟ್ಸ್‌ಗೆ ಬೇರೆ ಹೆಸರು ಕೊಟ್ಟು, ಕೈಸಾಧನವನ್ನು ಅದಕ್ಕೆ ಮಾತ್ರ ಜೋಡಿಸಿ.

ಮೂರು ಅಂಕಿಗಳನ್ನು ನೋಡಿ

ಸೋನಿ ಹೇಳುವಂತೆ ರಿಮೋಟ್ ಪ್ಲೇಗೆ ಕನಿಷ್ಠ 5 ಎಂಬಿಪಿಎಸ್ ವೇಗ ಬೇಕು, ಚೆನ್ನಾಗಿ ನಡೆಯಲು 15 ಎಂಬಿಪಿಎಸ್ ಇರಬೇಕು. ಇಲ್ಲಿ ಬಹಳ ಮಂದಿ ಗಮನಿಸದ ಸಂಗತಿಯೆಂದರೆ, ಮನೆಯ ಕಡೆಯಲ್ಲಿ ಮುಖ್ಯವಾದದ್ದು ಅಪ್‌ಲೋಡ್ ವೇಗ, ಏಕೆಂದರೆ ಮನೆಯಿಂದ ವಿಡಿಯೊ ಹೊರಗೆ ಹೋಗುತ್ತಿದೆ; ನೀವಿರುವ ಕಡೆಯಲ್ಲಿ ಮುಖ್ಯವಾದದ್ದು ಡೌನ್‌ಲೋಡ್ ವೇಗ. ಪ್ಲೇಸ್ಟೇಷನ್ 5ರಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್, ಕನೆಕ್ಷನ್ ಸ್ಟೇಟಸ್ ಎಂಬಲ್ಲಿಗೆ ಹೋಗಿ ಟೆಸ್ಟ್ ಇಂಟರ್ನೆಟ್ ಕನೆಕ್ಷನ್ ಒತ್ತಿದರೆ ಎರಡೂ ವೇಗಗಳ ಜೊತೆಗೆ ನ್ಯಾಟ್ ಟೈಪ್ (ಹೊರಗಿನಿಂದ ಕನ್ಸೋಲನ್ನು ತಲುಪುವುದು ಎಷ್ಟು ಸುಲಭವೆಂಬುದರ ಸೂಚನೆ) ಎಂಬ ಮೂರನೆಯ ವಿವರವೂ ಕಾಣುತ್ತದೆ. ಅದು 1 ಅಥವಾ 2 ಇದ್ದರೆ ಒಳ್ಳೆಯದು. 3 ಇದ್ದರೆ ಮನೆಯೊಳಗೆ ಆಡಲು ತೊಂದರೆಯಿಲ್ಲ, ಹೊರಗಿನಿಂದ ಜೋಡಿಸುವಾಗ ಕಷ್ಟವಾಗಬಹುದು. ಅದರ ಪರಿಹಾರವನ್ನು ಮುಂದೆ ವಿವರಿಸಿದ್ದೇನೆ.

ವೇಗ ಸಾಕಷ್ಟಿದ್ದೂ ಆಗಾಗ ತುಂಡಾಗುತ್ತಿದ್ದರೆ ಫೈಬರನ್ನೇ ಪರೀಕ್ಷಿಸಬೇಕು. ನಮ್ಮಲ್ಲಿ ಫೈಬರ್ ಕೇಬಲ್ಲು ರಸ್ತೆಯ ಕಂಬದಿಂದ ತೋಟದ ಮರಗಳ ನಡುವೆ ಹಾದು ಮನೆಗೆ ಬರುತ್ತದೆ. ಗಾಳಿಮಳೆಗೆ ಅಡಕೆ ಸೋಗೆ ಬಿದ್ದು ಅದು ಎಲ್ಲಾದರೂ ಚೂಪಾಗಿ ಬಾಗಿದರೆ ಒಳಗಿನ ಬೆಳಕು ಸೋರಿಹೋಗುತ್ತದೆ. ಮೋಡೆಮ್‌ನ ಆಡಳಿತ ಪುಟದಲ್ಲಿ ಆಪ್ಟಿಕಲ್ ಪವರ್ ಎಂಬ ಅಂಕಿ ಇರುತ್ತದೆ. ಅದು ಮೈನಸ್ 27 ಡಿಬಿಎಂನ ಸಮೀಪಕ್ಕೆ ಅಥವಾ ಅದಕ್ಕಿಂತಲೂ ಕೆಳಗೆ ಇಳಿದಿದ್ದರೆ, ಲೈನ್‌ಮನ್ನನ್ನು ಕರೆಸಿ ಆ ಅಂಕಿಯನ್ನೇ ತೋರಿಸಿ. ಬರೇ ನೆಟ್ ಸ್ಲೋ ಇದೆ ಎಂದು ದೂರುವುದಕ್ಕಿಂತ ಇದು ಬೇಗ ಕೆಲಸ ಮಾಡಿಸುತ್ತದೆ.

ಕನ್ಸೋಲಿನಲ್ಲಿ ಮಾಡಬೇಕಾದದ್ದು

ಪ್ಲೇಸ್ಟೇಷನ್ 5ರಲ್ಲಿ ಸೆಟ್ಟಿಂಗ್ಸ್ ತೆರೆದು ಸಿಸ್ಟಮ್, ಅದರೊಳಗೆ ರಿಮೋಟ್ ಪ್ಲೇ ಎಂಬಲ್ಲಿಗೆ ಹೋಗಿ ಎನೇಬಲ್ ರಿಮೋಟ್ ಪ್ಲೇ ಎಂಬುದನ್ನು ಆನ್ ಮಾಡಿ. ಅನಂತರ ಅದೇ ಸಿಸ್ಟಮ್ ಪಟ್ಟಿಯಲ್ಲಿ ಪವರ್ ಸೇವಿಂಗ್ ಎಂಬಲ್ಲಿ ಫೀಚರ್ಸ್ ಅವೈಲಬಲ್ ಇನ್ ರೆಸ್ಟ್ ಮೋಡ್ ತೆರೆದು, ಸ್ಟೇ ಕನೆಕ್ಟೆಡ್ ಟು ದಿ ಇಂಟರ್ನೆಟ್ ಮತ್ತು ಎನೇಬಲ್ ಟರ್ನಿಂಗ್ ಆನ್ ಪಿಎಸ್5 ಫ್ರಮ್ ನೆಟ್‌ವರ್ಕ್ ಎಂಬ ಎರಡನ್ನೂ ಆನ್ ಮಾಡಬೇಕು. ಈ ಎರಡರಲ್ಲಿ ಒಂದನ್ನು ಮರೆತರೂ ನೀವು ದೂರದಿಂದ ಕರೆದಾಗ ಕನ್ಸೋಲು ಎಚ್ಚರಗೊಳ್ಳುವುದಿಲ್ಲ. ಆಟ ಮುಗಿಸಿದ ಮೇಲೆ ಕನ್ಸೋಲನ್ನು ಪೂರ್ತಿ ಆಫ್ ಮಾಡದೆ ರೆಸ್ಟ್ ಮೋಡ್ ಎಂಬ ಅರೆನಿದ್ರೆಯ ಸ್ಥಿತಿಯಲ್ಲಿ ಬಿಡಬೇಕು.

ಪ್ಲೇಸ್ಟೇಷನ್ 4 ಇನ್ನೂ ನಮ್ಮ ಅನೇಕ ಮನೆಗಳಲ್ಲಿ ಚೆನ್ನಾಗಿ ನಡೆಯುತ್ತಿದೆ, ಅದರಲ್ಲೂ ಇದು ಸಾಧ್ಯ. ಅದರ ಸೆಟ್ಟಿಂಗ್ಸ್‌ನಲ್ಲಿ ರಿಮೋಟ್ ಪ್ಲೇ ಕನೆಕ್ಷನ್ ಸೆಟ್ಟಿಂಗ್ಸ್ ಎಂಬುದು ನೇರವಾಗಿ ಕಾಣುತ್ತದೆ. ಅದನ್ನು ಆನ್ ಮಾಡಿದ ಮೇಲೆ ಅಕೌಂಟ್ ಮ್ಯಾನೇಜ್‌ಮೆಂಟ್‌ನಲ್ಲಿ ಆ ಕನ್ಸೋಲನ್ನು ಪ್ರೈಮರಿ ಪಿಎಸ್4 ಎಂದು ಸಕ್ರಿಯಗೊಳಿಸಿ, ರೆಸ್ಟ್ ಮೋಡ್‌ನ ಆಯ್ಕೆಗಳನ್ನು ಪವರ್ ಸೇವ್ ಸೆಟ್ಟಿಂಗ್ಸ್‌ನಲ್ಲಿ ಸರಿಪಡಿಸಿಕೊಳ್ಳಿ. ಸಾಮಾನ್ಯ ಪ್ಲೇಸ್ಟೇಷನ್ 4ರಿಂದ 720ಪಿ ಸ್ಪಷ್ಟತೆಯ ಚಿತ್ರ ಮಾತ್ರ ಬರುತ್ತದೆ. ಪ್ರೊ ಮಾದರಿ ಮತ್ತು ಪ್ಲೇಸ್ಟೇಷನ್ 5ರಿಂದ ಇನ್ನೂ ಸ್ಪಷ್ಟವಾದ 1080ಪಿ ಸಿಗುತ್ತದೆ. ಎಕ್ಸ್‌ಬಾಕ್ಸ್ ಇರುವವರು ಸೆಟ್ಟಿಂಗ್ಸ್‌ನ ಡಿವೈಸಸ್ ಆಂಡ್ ಕನೆಕ್ಷನ್ಸ್ ಒಳಗೆ ರಿಮೋಟ್ ಫೀಚರ್ಸ್ ಆನ್ ಮಾಡಿ, ಪವರ್ ಆಯ್ಕೆಯನ್ನು ಸ್ಲೀಪ್ ಎಂದು ಇಟ್ಟುಕೊಂಡರೆ ಉಳಿದದ್ದೆಲ್ಲ ಹೆಚ್ಚುಕಡಿಮೆ ಇದೇ ರೀತಿ.

ಮನೆಯಿಂದ ಹೊರಡುವವರು ಇನ್ನೆರಡು ವಿಷಯಗಳನ್ನು ನೆನಪಿನಲ್ಲಿಡಬೇಕು. ಆಟ ಡಿಸ್ಕಿನಲ್ಲಿದ್ದರೆ ಆ ಡಿಸ್ಕ್ ಕನ್ಸೋಲಿನೊಳಗೇ ಇರಬೇಕು. ಅದನ್ನು ಡಬ್ಬಿಯಲ್ಲಿಟ್ಟು ಹೊರಟರೆ ದೂರದಿಂದ ಏನೂ ಮಾಡಲಾಗದು. ಎರಡನೆಯದು, ಸಿಸ್ಟಮ್‌ನ ಎಚ್‌ಡಿಎಂಐ ವಿಭಾಗದಲ್ಲಿರುವ ಎಚ್‌ಡಿಎಂಐ ಡಿವೈಸ್ ಲಿಂಕ್. ಇದು ಆನ್ ಇದ್ದರೆ, ಕೆಲವು ಟಿವಿಗಳು ನೀವು ದೂರದಿಂದ ಕನ್ಸೋಲನ್ನು ಎಚ್ಚರಿಸಿದಾಗ ತಾವೂ ಹೊತ್ತಿಕೊಳ್ಳುತ್ತವೆ. ನಡುರಾತ್ರಿ ಚಾವಡಿಯಲ್ಲಿ ಟಿವಿ ತಾನಾಗಿ ಬೆಳಗಿ ಅಜ್ಜ ಅಜ್ಜಿ ಗಾಬರಿಯಾಗಬಾರದೆಂದಿದ್ದರೆ ಅದನ್ನು ಆಫ್ ಮಾಡಿಯೇ ಹೊರಡಿ.

ಕೈಯಲ್ಲಿ ಯಾವುದನ್ನು ಹಿಡಿಯುವುದು

ಆರಂಭಕ್ಕೆ ನಿಮ್ಮ ಬಳಿ ಈಗಾಗಲೇ ಇರುವ ಫೋನೇ ಸಾಕು. ಸೋನಿಯ ಪಿಎಸ್ ರಿಮೋಟ್ ಪ್ಲೇ ಆ್ಯಪ್ ಆಂಡ್ರಾಯ್ಡ್, ಐಫೋನ್, ವಿಂಡೋಸ್ ಮತ್ತು ಮ್ಯಾಕ್‌ಗಳಿಗೆ ಉಚಿತವಾಗಿ ದೊರೆಯುತ್ತದೆ. ತೆರೆಯ ಮೇಲೆ ಮೂಡುವ ಗುಂಡಿಗಳಲ್ಲಿ ಆಡುವುದು ಹಿತವಾಗಿರುವುದಿಲ್ಲ. ಕನ್ಸೋಲಿನ ಡ್ಯುಯಲ್‌ಸೆನ್ಸ್ ನಿಯಂತ್ರಕವನ್ನೇ ಬ್ಲೂಟೂತ್‌ನಲ್ಲಿ ಜೋಡಿಸಬಹುದು. ಆಂಡ್ರಾಯ್ಡ್‌ನಲ್ಲಿ ಅದಕ್ಕೆ 12ನೆಯ ಅಥವಾ ಮುಂದಿನ ಆವೃತ್ತಿ ಬೇಕು. ಆದರೆ ಬ್ಲೂಟೂತ್ ಬಳಸುವುದೂ 2.4 ಗಿಗಾಹರ್ಟ್ಸ್ ಬ್ಯಾಂಡನ್ನೇ ಆದ್ದರಿಂದ, ಫೋನಿನ ವೈಫೈ ಕೂಡ ಅದರಲ್ಲೇ ಇದ್ದರೆ ಎರಡೂ ಒಂದನ್ನೊಂದು ಕೆಡಿಸುತ್ತವೆ. ಫೋನಿನ ಎರಡೂ ಬದಿಗೆ ಕೂರಿಸಿ ಟೈಪ್ ಸಿ ಮೂಲಕ ನೇರ ಜೋಡಿಸುವ ನಿಯಂತ್ರಕಗಳು ಈ ತೊಂದರೆಯಿಂದ ಮುಕ್ತವಾಗಿವೆ, ಕೈಗೂ ಹಿತ. ಫೋನಿನಲ್ಲೇ ಆಡುವವರು ದುಡ್ಡು ಹಾಕುವುದಾದರೆ ಇದಕ್ಕೆ ಹಾಕಲಿ ಎಂದು ನಾನು ಹೇಳುವೆ. ಬ್ಲೂಟೂತ್ ಇಯರ್‌ಫೋನಿನಲ್ಲಿ ಶಬ್ದ ತಡವಾಗಿ ಕೇಳುತ್ತದೆ. ತಂತಿಯ ಇಯರ್‌ಫೋನ್ ಉತ್ತಮ.

ಪ್ಲೇಸ್ಟೇಷನ್ ಪೋರ್ಟಲ್ 2024ರ ಆಗಸ್ಟಿನಲ್ಲಿ ಭಾರತದಲ್ಲಿ 18,990 ರೂಪಾಯಿಗೆ ಬಿಡುಗಡೆಯಾಯಿತು. 8 ಇಂಚಿನ ತೆರೆ, ಸೆಕೆಂಡಿಗೆ 60 ಫ್ರೇಮ್‌ಗಳ 1080ಪಿ ಚಿತ್ರ, ಡ್ಯುಯಲ್‌ಸೆನ್ಸ್‌ನಂತೆಯೇ ಬಿಗಿತ ಬದಲಾಗುವ ಟ್ರಿಗರ್‌ಗಳು ಇದರ ಬಲ. ಇದರಲ್ಲಿ ಸಿಮ್ ಇಲ್ಲ, ಬ್ಲೂಟೂತ್ ಇಯರ್‌ಫೋನ್ ಜೋಡಿಸಲು ಆಗುವುದಿಲ್ಲ, ಆಟವನ್ನು ಇದರೊಳಗೇ ಸ್ಥಾಪಿಸಲೂ ಬರುವುದಿಲ್ಲ. ವಿದೇಶದ ವಿಡಿಯೊಗಳಲ್ಲಿ ಪೋರ್ಟಲಿನಲ್ಲಿ ಕನ್ಸೋಲ್ ಇಲ್ಲದೆ ಕ್ಲೌಡ್‌ನಿಂದಲೇ, ಅಂದರೆ ಸೋನಿಯ ಸರ್ವರ್‌ಗಳಿಂದಲೇ, ಆಡುವುದನ್ನು ನೋಡಿ ಮಾರುಹೋಗಬೇಡಿ: ಅದಕ್ಕೆ ಸೋನಿಯ ಚಂದಾ ಸೇವೆಯಾದ ಪಿಎಸ್ ಪ್ಲಸ್‌ನ ಪ್ರೀಮಿಯಂ ಸದಸ್ಯತ್ವ ಬೇಕು, ಭಾರತದಲ್ಲಿ ಅದರ ಬದಲಿಗೆ ಮಾರುತ್ತ ಬಂದದ್ದು ಕ್ಲೌಡ್ ಆಟವಿಲ್ಲದ ಡೀಲಕ್ಸ್ ಶ್ರೇಣಿ. ಮನೆಯೊಳಗೆ ಅಥವಾ ಸ್ಥಿರವಾದ ವೈಫೈ ಇರುವ ಇನ್ನೊಂದು ಮನೆಯಲ್ಲಿ ನಿತ್ಯ ಆಡುವವರಿಗೆ ಪೋರ್ಟಲ್ ಒಳ್ಳೆಯ ಆಯ್ಕೆ. ಊರೂರು ತಿರುಗುವವರಿಗೆ ಫೋನೇ ಮೇಲು.

ಸ್ಟೀಮ್ ಡೆಕ್ ಅಥವಾ ಅದರಂಥ ಕೈಗಂಪ್ಯೂಟರ್ ಇರುವವರು ಚಿಯಾಕಿ ಎನ್‌ಜಿ ಎಂಬ ಮುಕ್ತ ತಂತ್ರಾಂಶವನ್ನು ಬಳಸಬಹುದು. ಸೋನಿಯ ಅಧಿಕೃತ ಆ್ಯಪ್‌ನಲ್ಲಿ ಇಲ್ಲದ ಒಂದು ಸೌಲಭ್ಯ ಇದರಲ್ಲಿದೆ: ಕನ್ಸೋಲಿನ ಐಪಿ ವಿಳಾಸವನ್ನು (ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆ) ನಾವೇ ಬರೆದು ಕೊಡಬಹುದು. ಇದು ಯಾಕೆ ಮುಖ್ಯವೆಂದು ಮುಂದೆ ತಿಳಿಯುತ್ತದೆ.

ಮೊದಲ ಜೋಡಣೆ ಮನೆಯೊಳಗೇ ಆಗಲಿ

ಕನ್ಸೋಲನ್ನು ಆನ್ ಮಾಡಿ, ಕೈಸಾಧನವನ್ನು ಅದೇ ಮನೆಯ ವೈಫೈಗೆ ಸೇರಿಸಿ, ಎರಡರಲ್ಲೂ ಒಂದೇ ಪಿಎಸ್‌ಎನ್ (ಪ್ಲೇಸ್ಟೇಷನ್ ನೆಟ್‌ವರ್ಕ್) ಖಾತೆಯಿಂದ ಪ್ರವೇಶಿಸಿ. ಆ್ಯಪ್ ಕನ್ಸೋಲನ್ನು ಹುಡುಕಿಕೊಳ್ಳುತ್ತದೆ. ತಾನಾಗಿ ಸಿಗದಿದ್ದರೆ ಕನ್ಸೋಲಿನ ರಿಮೋಟ್ ಪ್ಲೇ ಪುಟದಲ್ಲಿ ಲಿಂಕ್ ಡಿವೈಸ್ ಒತ್ತಿ, ಅಲ್ಲಿ ಮೂಡುವ 8 ಅಂಕಿಯ ಸಂಖ್ಯೆಯನ್ನು ಕೈಸಾಧನದಲ್ಲಿ ತುಂಬಿ. ಚಿಯಾಕಿಯಲ್ಲೂ ನೋಂದಣಿ ಇದೇ ಸಂಖ್ಯೆಯಿಂದ ನಡೆಯುತ್ತದೆ. ಆ ಸಂಖ್ಯೆಯನ್ನು ಟಿವಿಯ ಮೇಲೆ ನೋಡಬೇಕಾದ್ದರಿಂದ ಈ ಕೆಲಸವನ್ನು ಊರಿನಿಂದ ಹೊರಡುವ ಮುನ್ನವೇ ಮುಗಿಸಬೇಕು.

ಚಿತ್ರದ ಗುಣಮಟ್ಟವನ್ನು ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಮೊದಲು 720ಪಿ ಎಂದೂ ಫ್ರೇಮ್ ದರವನ್ನು ಹೈ ಎಂದೂ ಇಟ್ಟು ಆಡಿ ನೋಡಿ. ಫೋನಿನ ಸಣ್ಣ ತೆರೆಯಲ್ಲಿ 720ಪಿಗೂ 1080ಪಿಗೂ ಕಣ್ಣಿಗೆ ಕಾಣುವ ವ್ಯತ್ಯಾಸ ಕಡಿಮೆ, ಆದರೆ ಸೆಕೆಂಡಿಗೆ 30 ಫ್ರೇಮ್‌ಗೂ 60 ಫ್ರೇಮ್‌ಗೂ ಕೈಗೆ ತಿಳಿಯುವ ವ್ಯತ್ಯಾಸ ದೊಡ್ಡದು. 60 ಫ್ರೇಮ್‌ಗಳಲ್ಲಿ ಒಂದೊಂದು ದೃಶ್ಯದ ಆಯುಸ್ಸು ಸುಮಾರು 17 ಮಿಲಿಸೆಕೆಂಡು. ದೃಶ್ಯವನ್ನು ಅಡಕಗೊಳಿಸುವುದು, ಕಳುಹಿಸುವುದು, ಬಿಡಿಸುವುದು, ತೋರಿಸುವುದು ಎಂಬ ನಾಲ್ಕು ಹಂತಗಳಲ್ಲಿ ಪ್ರತಿಯೊಂದೂ ಇಷ್ಟಿಷ್ಟು ಸಮಯ ತಿನ್ನುತ್ತದೆ. ಸ್ಪಷ್ಟತೆಯನ್ನು ಸ್ವಲ್ಪ ಬಿಟ್ಟುಕೊಟ್ಟು ವೇಗವನ್ನು ಉಳಿಸಿಕೊಳ್ಳುವುದೇ ಜಾಣತನ.

ಮನೆಯೊಳಗೆ ಅರ್ಧ ಗಂಟೆ ತಡೆಯಿಲ್ಲದೆ ಆಡಲು ಸಾಧ್ಯವಾಗುವವರೆಗೆ ಹೊರಗಿನ ಪ್ರಯತ್ನಕ್ಕೆ ಇಳಿಯಬೇಡಿ. ಮನೆಯಲ್ಲಿ ತಡವರಿಸುವ ಸಂಪರ್ಕ ಹೊರಗೆ ಸರಿಯಾಗುವ ಸಂಭವವೇ ಇಲ್ಲ. ಫೋನ್ ಬ್ಯಾಟರಿ ಸೇವರ್‌ನಲ್ಲಿದ್ದರೆ ವೈಫೈ ಮತ್ತು ಚಿತ್ರ ಬಿಡಿಸುವ ಕೆಲಸ ಎರಡೂ ಕುಂಠಿತವಾಗುತ್ತವೆ ಎಂಬುದನ್ನೂ ಪರೀಕ್ಷೆಯ ಹೊತ್ತಿಗೆ ಗಮನಿಸಿ.

ಹೊರಗಿನಿಂದ ಮನೆಗೆ ದಾರಿ

ಮನೆಯೊಳಗಿನ ಪರೀಕ್ಷೆ ಗೆದ್ದ ಮೇಲೆ, ಫೋನಿನ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ಅದೇ ಕನ್ಸೋಲಿಗೆ ಜೋಡಿಸಿ ನೋಡಿ. ಮನೆಯ ಜಗಲಿಯಲ್ಲಿ ಕುಳಿತೇ ಹೊರಗಿನ ಪ್ರಯಾಣವನ್ನು ಹೀಗೆ ಅಣಕು ಮಾಡಬಹುದು. ಜೋಡಣೆಯಾದರೆ ಮಂಗಳೂರಿನಿಂದಲೂ ಆಗುವ ಸಾಧ್ಯತೆ ಹೆಚ್ಚು.

ಆಗದಿದ್ದರೆ ಮುಖ್ಯ ಸಂಶಯ ಹಂಚಿಕೆಯ ಐಪಿ ವಿಳಾಸದ ಮೇಲೆ ಬೀಳುತ್ತದೆ. ಇಂಟರ್ನೆಟ್ ವಿಳಾಸಗಳ ಕೊರತೆಯಿಂದಾಗಿ ಒದಗಿಸುವವರು ಅನೇಕ ಮನೆಗಳಿಗೆ ಒಂದೇ ಸಾರ್ವಜನಿಕ ವಿಳಾಸವನ್ನು ಹಂಚುತ್ತಾರೆ. ತಾಂತ್ರಿಕವಾಗಿ ಇದನ್ನು ಸಿಜಿನ್ಯಾಟ್ ಎನ್ನುತ್ತಾರೆ. ಒಂದೇ ಅಂಚೆಪೆಟ್ಟಿಗೆಯನ್ನು ಇಡೀ ಬೈಲಿನ ಮನೆಗಳು ಹಂಚಿಕೊಂಡಂತೆ ಇದು: ನೀವು ಬರೆದ ಕಾಗದ ಹೊರಗೆ ಹೋಗುತ್ತದೆ, ಆದರೆ ಹೊರಗಿನಿಂದ ತಾನಾಗಿ ಬಂದ ಕಾಗದ ಯಾವ ಮನೆಯದ್ದೆಂದು ಪೆಟ್ಟಿಗೆಗೆ ತಿಳಿಯದು. ನಿಮ್ಮ ಮನೆ ಹೀಗಿದೆಯೇ ಎಂದು ತಿಳಿಯಲು ರೂಟರಿನ ಪುಟದಲ್ಲಿ ವ್ಯಾನ್ ಐಪಿ (ರೂಟರಿಗೆ ಹೊರಗಿನಿಂದ ಸಿಕ್ಕ ವಿಳಾಸ) ಎಂಬುದನ್ನು ನೋಡಿ. ಅದು 100.64ರಿಂದ 100.127ರ ನಡುವಿನ ಸಂಖ್ಯೆಯಿಂದ ಆರಂಭವಾಗಿದ್ದರೆ, ಅಥವಾ ನನ್ನ ಐಪಿ ಯಾವುದು ಎಂದು ಜಾಲತಾಣಗಳಲ್ಲಿ ಕೇಳಿದಾಗ ಬರುವ ವಿಳಾಸಕ್ಕಿಂತ ಬೇರೆಯಾಗಿದ್ದರೆ, ನಿಮ್ಮದು ಹಂಚಿಕೆಯ ವಿಳಾಸ. ಸೋನಿಯ ಆ್ಯಪ್ ತನ್ನ ಸರ್ವರ್‌ಗಳ ಮಧ್ಯಸ್ಥಿಕೆಯಿಂದ ಅನೇಕ ಬಾರಿ ಈ ತಡೆಯನ್ನು ದಾಟುತ್ತದೆ, ಎಲ್ಲ ಬಾರಿಯೂ ಅಲ್ಲ.

ಮೊದಲಿಗೆ ರೂಟರಿನಲ್ಲಿ ಯುಪಿಎನ್‌ಪಿ (ಸಾಧನಗಳೇ ತಮಗೆ ಬೇಕಾದ ದಾರಿಯನ್ನು ರೂಟರಿನಲ್ಲಿ ತೆರೆಸಿಕೊಳ್ಳುವ ವ್ಯವಸ್ಥೆ) ಆನ್ ಇದೆಯೇ ನೋಡಿ. ಮೋಡೆಮ್ ಒಂದು, ರೂಟರ್ ಇನ್ನೊಂದು ಇದ್ದು ಎರಡೂ ವಿಳಾಸ ಹಂಚುತ್ತಿದ್ದರೆ ಒಂದನ್ನು ಆಕ್ಸೆಸ್ ಪಾಯಿಂಟ್ ಆಗಿ ಬದಲಿಸಿ. ಅದರಿಂದಲೂ ಆಗದಿದ್ದರೆ ಎರಡು ದಾರಿಗಳು ಉಳಿಯುತ್ತವೆ. ಒಂದು, ಒದಗಿಸುವವರಿಂದ ಹೆಚ್ಚುವರಿ ಶುಲ್ಕ ಕೊಟ್ಟು ಸ್ಥಿರ ಸಾರ್ವಜನಿಕ ಐಪಿ ಪಡೆದು, ರೂಟರಿನಲ್ಲಿ ಟಿಸಿಪಿ 9295 ಮತ್ತು ಯುಡಿಪಿ 9296, 9297, 9302 ಪೋರ್ಟ್‌ಗಳನ್ನು (ಸಂಪರ್ಕ ಒಳಬರುವ, ಸಂಖ್ಯೆ ಹಾಕಿದ ಬಾಗಿಲುಗಳನ್ನು) ಪ್ಲೇಸ್ಟೇಷನ್ 5ಕ್ಕೆ ತಿರುಗಿಸಿ, ಚಿಯಾಕಿಯಲ್ಲಿ ಆ ವಿಳಾಸ ಬರೆಯುವುದು. ಇನ್ನೊಂದು, ನಾನು ಹೆಚ್ಚು ಒಪ್ಪುವ ದಾರಿ: ಮನೆಯಲ್ಲಿ ಸದಾ ಆನ್ ಇರುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಅಥವಾ ಹಳೆಯ ಲ್ಯಾಪ್‌ಟಾಪ್ ಒಂದರಲ್ಲಿ ಟೇಲ್‌ಸ್ಕೇಲ್ ಎಂಬ ಖಾಸಗಿ ಜಾಲದ ತಂತ್ರಾಂಶವನ್ನು ಸ್ಥಾಪಿಸಿ, ಅದನ್ನು ಸಬ್‌ನೆಟ್ ರೂಟರ್ ಆಗಿ, ಅಂದರೆ ಮನೆಯ ಇತರ ಸಾಧನಗಳಿಗೂ ದಾರಿ ಕೊಡುವಂತೆ, ಹೊಂದಿಸುವುದು. ಕನ್ಸೋಲಿನಲ್ಲಿ ಟೇಲ್‌ಸ್ಕೇಲ್ ಹಾಕಲು ಆಗುವುದಿಲ್ಲ, ಆದ್ದರಿಂದ ಈ ಮಧ್ಯವರ್ತಿ ಯಂತ್ರ ಬೇಕು. ಕೈಸಾಧನದಲ್ಲೂ ಟೇಲ್‌ಸ್ಕೇಲ್ ಆನ್ ಮಾಡಿದರೆ ನೀವು ಎಲ್ಲಿದ್ದರೂ ಮನೆಯ ಜಾಲದೊಳಗೇ ಇದ್ದಂತಾಗುತ್ತದೆ, ಯಾವ ಪೋರ್ಟನ್ನೂ ಇಡೀ ಲೋಕಕ್ಕೆ ತೆರೆದಿಡಬೇಕಾಗುವುದಿಲ್ಲ. ಆಮೇಲೆ ಚಿಯಾಕಿಯಲ್ಲಿ ಕನ್ಸೋಲಿನ ಮನೆಯೊಳಗಿನ ಐಪಿಯನ್ನೇ ಬರೆದು ಜೋಡಿಸಬಹುದು.

ಇಲ್ಲಿ ಎರಡು ಸೂಕ್ಷ್ಮಗಳಿವೆ. ರೂಟರಿನಲ್ಲಿ ಕನ್ಸೋಲಿಗೆ ಒಂದು ಐಪಿಯನ್ನು ಕಾಯ್ದಿರಿಸಿ, ಇಲ್ಲದಿದ್ದರೆ ಅದು ಯಾವಾಗಲಾದರೂ ಬದಲಾಗಿಬಿಡುತ್ತದೆ. ಬಹುತೇಕ ರೂಟರ್‌ಗಳು 192.168.1 ಎಂದು ಆರಂಭವಾಗುವ ವಿಳಾಸಗಳನ್ನೇ ಹಂಚುವುದರಿಂದ, ನಿಮ್ಮ ಮನೆಯದೂ ಹಾಸ್ಟೆಲಿನದೂ ಒಂದೇ ಆದರೆ ಕೈಸಾಧನಕ್ಕೆ ಯಾವ ಕಡೆ ಹೋಗಬೇಕೆಂದು ಗೊಂದಲವಾಗುತ್ತದೆ. ಮನೆಯ ರೂಟರಿನಲ್ಲಿ ಇದನ್ನು 192.168.37 ಎಂಬಂತೆ ಅಪರೂಪದ ಸಂಖ್ಯೆಗೆ ಮೊದಲೇ ಬದಲಿಸಿಕೊಳ್ಳಿ.

ನಮ್ಮ ಜಿಲ್ಲೆಯ ಅನೇಕರು ಗಲ್ಫ್ ದೇಶಗಳಲ್ಲಿದ್ದಾರೆ. ಅಷ್ಟು ದೂರದಿಂದ ಜೋಡಣೆ ಸಾಧ್ಯವಾದರೂ ಸಮುದ್ರದಡಿಯ ಕೇಬಲುಗಳನ್ನು ದಾಟುವ ತಡ ಕೈಗೆ ತಿಳಿಯುತ್ತದೆ, ನಿಧಾನದ ಆಟಗಳಿಗಷ್ಟೇ ಅದು ಹೊಂದುತ್ತದೆ. ಕೆಲವು ಗಲ್ಫ್ ದೇಶಗಳಲ್ಲಿ ವಿಪಿಎನ್ (ಖಾಸಗಿ ಜಾಲ) ಬಳಕೆಯ ಮೇಲೆ ಕಾನೂನಿನ ನಿರ್ಬಂಧಗಳಿವೆ, ಟೇಲ್‌ಸ್ಕೇಲ್ ಕೂಡ ಒಂದು ಬಗೆಯ ವಿಪಿಎನ್; ಅಲ್ಲಿನ ನಿಯಮವನ್ನು ತಿಳಿದುಕೊಂಡೇ ಮುಂದುವರಿಯಬೇಕು.

ಡೇಟಾ ಮತ್ತು ರೈಲು

ಮೊಬೈಲ್ ಡೇಟಾದಲ್ಲಿ ಆಡುವ ಮುನ್ನ ಲೆಕ್ಕ ಹಾಕಿಕೊಳ್ಳಿ. 15 ಎಂಬಿಪಿಎಸ್‌ನಲ್ಲಿ ಒಂದು ಗಂಟೆ ಆಡಿದರೆ ಸುಮಾರು 6.75 ಜಿಬಿ ಖರ್ಚಾಗುತ್ತದೆ. 5 ಎಂಬಿಪಿಎಸ್‌ಗೆ ಇಳಿಸಿದರೂ ಗಂಟೆಗೆ 2.25 ಜಿಬಿ ಬೇಕು, ಅಂದರೆ ದಿನಕ್ಕೆ 1.5 ಜಿಬಿ ಕೊಡುವ ಪ್ಯಾಕು 40 ನಿಮಿಷದಲ್ಲಿ ತೀರುತ್ತದೆ. ಮನೆಯ ಫೈಬರ್ ಪ್ಲಾನಿಗೂ ತಿಂಗಳ ಮಿತಿ ಇದ್ದರೆ ಅಪ್‌ಲೋಡ್ ಕೂಡ ಅದರಲ್ಲಿ ಲೆಕ್ಕವಾಗಬಹುದು. ಪೋರ್ಟಲಿಗೆ ಫೋನಿನ ಹಾಟ್‌ಸ್ಪಾಟ್ ಕೊಡುವವರು ಹಾಟ್‌ಸ್ಪಾಟಿನ ಬ್ಯಾಂಡನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಬೇಕು.

ಕಾಸರಗೋಡಿನಿಂದ ಮಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿಬರುವ ವಿದ್ಯಾರ್ಥಿಗಳು ಆ ಹೊತ್ತಿನಲ್ಲಿ ಆಡಬಹುದೇ ಎಂದು ಕೇಳುತ್ತಾರೆ. ಚಲಿಸುವ ರೈಲಿನಲ್ಲಿ ಫೋನು ಟವರಿನಿಂದ ಟವರಿಗೆ ಜಿಗಿಯುತ್ತಿರುತ್ತದೆ, ಮಂಜೇಶ್ವರ ದಾಟಿದ ಮೇಲೆ ತಲಪಾಡಿಯ ಆಸುಪಾಸಿನಲ್ಲಿ ಕೇರಳದ ಟೆಲಿಕಾಂ ವೃತ್ತದಿಂದ ಕರ್ನಾಟಕದ ವೃತ್ತಕ್ಕೆ ಬದಲಾಗುವಾಗ ಸಂಪರ್ಕ ಪೂರ್ತಿ ಕಡಿಯಬಹುದು. ಒಬ್ಬನೇ ಆಡುವ ಆಟವನ್ನು ಅಲ್ಲಲ್ಲಿ ನಿಲ್ಲಿಸಿ ಆಡುವ ತಾಳ್ಮೆ ಇದ್ದರೆ ಸರಿ, ಇಲ್ಲವಾದರೆ ಹಾಸ್ಟೆಲ್ ತಲುಪಿದ ಮೇಲೆ ಆಡುವುದು ಒಳಿತು. ಗಡಿಗೆ ತೀರ ಹತ್ತಿರ ಮನೆ ಇರುವವರ ಫೋನು ಕುಳಿತಲ್ಲೇ ಎರಡು ವೃತ್ತಗಳ ನಡುವೆ ಓಲಾಡುವುದುಂಟು. ಅಂಥವರು ನೆಟ್‌ವರ್ಕ್ ಆಯ್ಕೆಯನ್ನು ಆಟೊಮ್ಯಾಟಿಕ್ ಬಿಟ್ಟು ಕೈಯಿಂದ ಆರಿಸಿಕೊಂಡರೆ ಉಪಯೋಗವಾಗುತ್ತದೆ.

ಆಟಗಳ ಆಯ್ಕೆಯ ಬಗ್ಗೆ ಹೇಳುವುದಾದರೆ, ಸರದಿಯಂತೆ ನಡೆಯುವ ಆಟಗಳು, ಕಥೆ ಪ್ರಧಾನವಾದ ಸಾಹಸಗಳು, ಕೃಷಿ ಮತ್ತು ನಗರ ಕಟ್ಟುವ ಆಟಗಳು ದೂರದಿಂದ ಬಹಳ ಚೆನ್ನಾಗಿ ನಡೆಯುತ್ತವೆ. ಕ್ರಿಕೆಟ್ ಆಟದಲ್ಲಿ ಬ್ಯಾಟ್ ಬೀಸುವ ಕ್ಷಣ ತಪ್ಪುತ್ತದೆ, ಒಂದೆರಡು ಓವರ್ ಅಭ್ಯಾಸದ ಮೇಲೆ ಸ್ವಲ್ಪ ಮೊದಲೇ ಗುಂಡಿ ಒತ್ತಲು ಕೈ ಕಲಿಯುತ್ತದೆ. ಕಾಳಗದ ಆಟಗಳನ್ನೂ ಆನ್‌ಲೈನ್ ಶೂಟಿಂಗ್ ಸ್ಪರ್ಧೆಗಳನ್ನೂ ಟಿವಿಯ ಮುಂದೆಯೇ ಆಡಿ. ವಿಆರ್ ಆಟಗಳು ರಿಮೋಟ್ ಪ್ಲೇಯಲ್ಲಿ ನಡೆಯುವುದಿಲ್ಲ.

ಸಿಡಿಲಿನ ಕಾಲದಲ್ಲಿ

ಈ ವಿಷಯವನ್ನು ಬೇರೆ ಊರಿನವರ ಮಾರ್ಗದರ್ಶಿಗಳಲ್ಲಿ ಕಾಣುವುದು ಅಪರೂಪ, ನಮಗೆ ಮಾತ್ರ ಇದು ಬಹಳ ಮುಖ್ಯ. ಮಳೆಗಾಲಕ್ಕೆ ಮುಂಚಿನ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ, ಮತ್ತೆ ಅಕ್ಟೋಬರ್ ಮತ್ತು ನವೆಂಬರಿನ ಸಂಜೆಗಳಲ್ಲಿ ಇಲ್ಲಿ ಗುಡುಗು ಸಿಡಿಲು ಜೋರು. ರೆಸ್ಟ್ ಮೋಡ್ ಎಂದರೆ ಕನ್ಸೋಲು ಸದಾ ಪ್ಲಗ್ಗಿನಲ್ಲಿ ಇರುವುದು. ಸಿಡಿಲಿನಿಂದ ಏರುವ ವೋಲ್ಟೇಜು ಕರೆಂಟಿನ ತಂತಿಯಿಂದಷ್ಟೇ ಅಲ್ಲ, ರೂಟರಿನ ಮೂಲಕ ಲ್ಯಾನ್ ಕೇಬಲ್ಲಿನಿಂದಲೂ ಕನ್ಸೋಲಿಗೆ ನುಗ್ಗಬಹುದು. ಫೈಬರಿನ ಗಾಜು ವಿದ್ಯುತ್ತನ್ನು ಹಾಯಿಸದು, ಆದರೆ ಮೋಡೆಮ್‌ನ ಅಡಾಪ್ಟರ್ ಕರೆಂಟಿನಲ್ಲೇ ಇರುತ್ತದೆ. ಸರ್ಜ್ ಪ್ರೊಟೆಕ್ಟರ್ ಸ್ವಲ್ಪ ಮಟ್ಟಿಗೆ ಕಾಯುತ್ತದೆ, ಅದೂ ಮನೆಯ ಅರ್ಥಿಂಗ್ ಸರಿಯಾಗಿದ್ದರೆ ಮಾತ್ರ. ಹತ್ತಿರದ ಸಿಡಿಲನ್ನು ತಡೆಯುವ ಸಾಮರ್ಥ್ಯ ಅದಕ್ಕಿಲ್ಲ. ಮೋಡ ಕಟ್ಟುವ ದಿನಗಳಲ್ಲಿ ಮಧ್ಯಾಹ್ನದ ಮೇಲೆ ಕನ್ಸೋಲಿನ ಪ್ಲಗ್ಗನ್ನೂ ಲ್ಯಾನ್ ಕೇಬಲನ್ನೂ ಕಿತ್ತಿಡುವುದೇ ಭದ್ರ. ಆ ದಿನ ರಿಮೋಟ್ ಪ್ಲೇ ಇಲ್ಲವೆಂದು ಒಪ್ಪಿಕೊಳ್ಳಿ.

ಕರೆಂಟು ಹೋಗಿ ಬಂದ ಮೇಲೆ ಪ್ಲೇಸ್ಟೇಷನ್ 5 ತಾನಾಗಿ ರೆಸ್ಟ್ ಮೋಡ್‌ಗೆ ಮರಳುವುದಿಲ್ಲ, ಯಾರಾದರೂ ಗುಂಡಿ ಒತ್ತಬೇಕು. ಮೋಡೆಮ್ ಮತ್ತು ರೂಟರಿಗೆ 12 ವೋಲ್ಟಿನ ಸಣ್ಣ ಯುಪಿಎಸ್ ಹಾಕಿದರೆ ಅವು ಕೆಲವು ಗಂಟೆ ನಡೆಯುತ್ತವೆ. ಕನ್ಸೋಲಿಗೆ ಭಾರದ ಆಟದ ಹೊತ್ತಿನಲ್ಲಿ 200 ವಾಟ್‌ನಷ್ಟು ಬೇಕಾಗುತ್ತದೆ. ಇದನ್ನು ಮನೆಯ ಇನ್ವರ್ಟರಿನ ಮೇಲೆ ಹಾಕಿದರೆ ಫ್ಯಾನು ದೀಪಗಳಿಗೆ ಉಳಿಯುವ ಸಮಯ ಕಡಿಮೆಯಾಗುತ್ತದೆ. ಮನೆಯವರನ್ನು ಕೇಳಿಯೇ ಮಾಡಬೇಕಾದ ಕೆಲಸ ಅದು. ಪ್ಲಗ್ಗು ಯಾವುದು, ಆನ್ ಮಾಡುವ ಗುಂಡಿ ಎಲ್ಲಿದೆ, ಸಿಡಿಲು ಬಂದರೆ ಏನನ್ನು ಕೀಳಬೇಕು ಎಂಬುದನ್ನು ಅಮ್ಮನಿಗೋ ತಮ್ಮನಿಗೋ ತೋರಿಸಿ, ಒಂದು ಚೀಟಿಯಲ್ಲಿ ಬರೆದು ಕನ್ಸೋಲಿನ ಪಕ್ಕ ಅಂಟಿಸಿ ಹೊರಡಿ. ನೀವು ದೂರದಿಂದ ಆಡುತ್ತಿರುವಾಗ ಮನೆಯಲ್ಲಿ ಬೇರೊಬ್ಬರಿಗೆ ಅದೇ ಕನ್ಸೋಲಿನಲ್ಲಿ ಬೇರೆ ಆಟ ಆಡಲಾಗದು ಎಂಬುದನ್ನೂ ತಮ್ಮ ತಂಗಿಯರೊಂದಿಗೆ ಮೊದಲೇ ಮಾತನಾಡಿ ಸಮಯ ಹಂಚಿಕೊಳ್ಳಿ.

ಜೋಡಿಸಿದ ಫೋನು ಕಳೆದುಹೋದರೆ ಅಥವಾ ಅದನ್ನು ಮಾರುವುದಾದರೆ, ಪಿಎಸ್‌ಎನ್ ಖಾತೆಯ ಸೆಕ್ಯುರಿಟಿ ಪುಟದಲ್ಲಿ ಎಲ್ಲ ಸಾಧನಗಳಿಂದ ಸೈನ್ ಔಟ್ ಆಗುವ ಆಯ್ಕೆಯನ್ನು ಬಳಸಿ, ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಪರಿಶೀಲನೆ ಆನ್ ಇದೆಯೇ ಎಂದು ನೋಡಿ. ಟೇಲ್‌ಸ್ಕೇಲ್ ಬಳಸುತ್ತಿದ್ದರೆ ಅದರ ಆಡಳಿತ ಪುಟದಿಂದಲೂ ಆ ಫೋನನ್ನು ತೆಗೆದುಹಾಕಬೇಕು, ಏಕೆಂದರೆ ಆ ಫೋನಿಗೆ ಕನ್ಸೋಲು ಮಾತ್ರವಲ್ಲ, ಮನೆಯ ಇಡೀ ಜಾಲ ತೆರೆದಿರುತ್ತದೆ.